ಪೀರನ ಹಸಿರು

ಆ ಚಳಿಗಾಲ ಎರೆಹಾಳದ ಎತ್ತುಗಳು ಕೆಂಪು ಮೂತಿ ಮಾಡಿಕೊಂಡು ಮನೆಗೆ ಬರತೊಡಗಿದವು. ಬದುವಿನ ಹುಲ್ಲು ಮೇಯಲು ಹೋದ ಎತ್ತು ಪಕ್ಕದ ಗೋದಿಗೂ ನಾಲ್ಕು ಬಾಯಿ ಹಾಕಿ ಬರುವುದು ಹೊಸದೇನಲ್ಲ. ಮೂಗು, ತುಟಿಯೆಲ್ಲ ಕುಂಕುಮ ಬಳಿದುಕೊಂಡು ಬರುವುದು ಮಾತ್ರ ಹೊಸದು. ಹೊಲದಲ್ಲಿ ಅಡ್ಡಾಡಿದ ಗಂಡಸರ ಧೋತರ ಮೊಣಕಾಲಿನವರೆಗೆ ಕೆಂಪಾಗುತ್ತಿತ್ತು. ಅದನ್ನು ಮಲಪ್ರಭೆಯಲ್ಲಿ ಒಗೆಯುವ ಹೆಂಗಸರು ಬಂಡೆಯಿಂದ ಇಳಿದು ಹೋಗುವ ನೀರನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ದಿಲ್ಲಿಯಲ್ಲಿ ದರಬಾರು ನಡೆದ ಮರುವರ್ಷದ ಮಾತು ಇದು. ಹುನಗುಂದದ ಸಂತೆಗೆ ಹೋಗಿ ಬಂದವರು ಆ ಕಡೆಯೂ ಇದೇ ಗತಿ ಎಂದರು.

ಮೋಡ ಕವಿದು, ಹೊಳೆಯಿಂದ ಎದ್ದ ಮಂಜು ಹೊಲದ ಮೇಲೆಯೇ ಕೂತುಬಿಟ್ಟರೆ ಗೋದಿಯ ಎಲೆಯ ಮೇಲೆ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ಒಡೆದರೆ ಕೆಂಪು ಪುಡಿ. ಗಾಳಿಗೆ ಆ ಪುಡಿ ಒಂದು ಎಲೆಯಿಂದ ಇನ್ನೊಂದಕ್ಕೆ, ಒಂದು ಹೊಲದಿಂದ ಇನ್ನೊಂದಕ್ಕೆ ಹಾರುತ್ತದೆ. ಊರವರು ಅದನ್ನು ಕುಂಕುಮ ರೋಗ ಎನ್ನುತ್ತಿದ್ದರು. ಅದು ಎಲೆಯ ಜೀವವನ್ನೆಲ್ಲ ಹೀರಿದ ಮೇಲೆ ಗಿಡ ಹೊತ್ತಿಗೆ ಮುಂಚೆಯೇ ಒಣಗುತ್ತದೆ, ತೆನೆಯಲ್ಲಿ ಕಾಳಿನ ಬದಲು ಜೊಳ್ಳು ಉಳಿಯುತ್ತದೆ.

ಎಲ್ಲರ ಹೊಲವೂ ಕೆಂಪಾಗಿತ್ತು. ಚಮನಸಾಬನ ಹೊಲವೂ ಕೆಂಪೇ, ಹೊಳೆಯ ಕಡೆಯ ಒಂದು ಮೂಲೆ ಬಿಟ್ಟು. ನಾಲ್ಕು ಕಂಬಳಿ ಹಾಸಬಹುದಾದಷ್ಟು ಆ ಜಾಗದಲ್ಲಿ ಗೋದಿ ಗಿಣಿಯ ಬಣ್ಣಕ್ಕೆ ನಿಂತಿತ್ತು. ಅದನ್ನು ಮೊದಲು ಕಂಡವಳು ಚಮನಸಾಬನ ಹೆಂಡತಿ ರಂಜಾನಬಿ. ಅವಳಿಗೆ ಸಂತೋಷವಾಗುವ ಮೊದಲು ಹೆದರಿಕೆಯಾಯಿತು.

ರಂಜಾನಬಿ ಇಳಕಲ್ಲಿನ ನೇಕಾರರ ಮನೆಯ ಮಗಳು. ಎರೆಹಾಳಕ್ಕೆ ಸೊಸೆಯಾಗಿ ಬಂದಾಗ ಅವಳಿಗೆ ಗೋದಿಯ ಸಸಿ ಯಾವುದು, ಕರಿಕೆ ಹುಲ್ಲು ಯಾವುದು ಎಂದು ಗೊತ್ತಿರಲಿಲ್ಲ. ಇದನ್ನು ಅತ್ತೆ ಕಾಸಿಂಬಿ ಬಾವಿಕಟ್ಟೆಯಲ್ಲಿ ನಿಂತು ಊರಿಗೆಲ್ಲ ಹಂಚಿದ್ದಳು. "ಮಗ್ಗದ ಮನಿಯಾಕಿನ್ನ ತಂದೇನವ್ವಾ. ಕಸಾ ತಗಿ ಅಂದ್ರ ಬೆಳೀನ ಕಿತ್ತ ಬರತಾಳ!" ನಕ್ಕವರೆಲ್ಲ ನಕ್ಕರು. ಆದರೆ ಮಗ್ಗದ ಮನೆಯವರ ಕಣ್ಣನ್ನು ಹಗುರಾಗಿ ತಿಳಿಯಬಾರದು. ನೂರು ಎಳೆಗಳ ನಡುವೆ ಬೇರೆ ಬಣ್ಣದ ತೊಟ್ಟಿಯಲ್ಲಿ ಅದ್ದಿದ ಒಂದು ಎಳೆ ಸೇರಿದ್ದರೆ ರಂಜಾನಬಿಗೆ ದೂರದಿಂದಲೇ ಅದು ಕಾಣುತ್ತಿತ್ತು.

ಎರೆಹಾಳದಲ್ಲಿ ಒಂದು ಪದ್ಧತಿಯಿತ್ತು. ಗೋದಿ ಮಾಗಿ ಇನ್ನೇನು ಕುಡಗೋಲು ಹಾಕಬೇಕು ಎನ್ನುವಾಗ ಮನೆಯ ಹೆಂಗಸರು ಹೊಲದ ಉದ್ದಗಲ ಅಡ್ಡಾಡಿ, ಆಗಲೂ ಹಸಿರಾಗಿಯೇ ಇರುವ ತೆನೆಗಳನ್ನು ಹುಡುಕಿ ಕೊಯ್ಯಬೇಕು. ಒಂದನ್ನೂ ಬಿಡಬಾರದು. ಅವನ್ನು ಊರ ದರ್ಗಾದ ಅಂಗಳಕ್ಕೆ ಒಯ್ದು, ಸಗಣಿಯ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಕಾಳಿಗೆ ಬೆಲ್ಲ ಬೆರೆಸಿ ಪೀರನ ಹೆಸರಿಗೆ ಪ್ರಾರ್ಥನೆ ಓದಿಸಿ ತಿನ್ನಬೇಕು. ಒಣಗಿದ್ದು ಒಕ್ಕಲಿಗನದು, ಹಸಿರು ಪೀರನದು. ಹಿಂದೂಗಳ ಮನೆಯಿಂದಲೂ ಹಸಿರು ತೆನೆ ಬರುತ್ತಿದ್ದವು. ಪದ್ಧತಿಯ ಹಿಂದೆ ಒಕ್ಕಲುತನದ ಬುದ್ಧಿಯೂ ಒಂದಿಷ್ಟು ಇತ್ತೆನ್ನಿ: ರಾಶಿಯಲ್ಲಿ ಹಸಿ ತೆನೆ ಸೇರಿದರೆ ಕಾಳು ಬೆಚ್ಚಗಾಗಿ ಮುಗ್ಗು ಹಿಡಿಯುತ್ತದೆ.

ಮದುವೆಯಾಗಿ ಬಂದ ವರ್ಷ ರಂಜಾನಬಿ ಅತ್ತೆಯ ಜೊತೆ ಬುಟ್ಟಿ ತುಂಬ ಹಸಿರು ತೆನೆ ಕೊಯ್ದಿದ್ದಳು. ಬೆಲ್ಲ ಹಾಕಿದ ಸುಟ್ಟ ಗೋದಿಯ ರುಚಿಗೆ ಮರುಳಾಗಿ ಎರಡನೇ ಸಲ ಕೈಯೊಡ್ಡಿ ಬೈಸಿಕೊಂಡಿದ್ದಳು. ಮುಂದಿನ ವರ್ಷಗಳಲ್ಲಿ ಬುಟ್ಟಿ ಅರ್ಧಕ್ಕೆ ಇಳಿಯಿತು. ಆಮೇಲೆ ಬುಟ್ಟಿಯೇ ಬೇಡವಾಗಿ ಸೀರೆಯ ಉಡಿಯೇ ಸಾಕಾಯಿತು. ಹಸಿರು ಕಡಿಮೆಯಾದಂತೆ ಕೆಂಪು ಹೆಚ್ಚಿತು. ಊರ ಜನ ಕಲಿಗಾಲ ಎಂದರು, ಬ್ರಿಟಿಷರ ರೈಲಿನ ಹೊಗೆ ಎಂದರು, ಗುಡಿಯಲ್ಲಿ ತಪ್ಪು ನಡೆದಿದೆ, ಹೊಳೆಯಲ್ಲಿ ತಪ್ಪು ನಡೆದಿದೆ ಎಂದರು. ಬಾಯಿಗೆ ಬಂದದ್ದನ್ನೆಲ್ಲ ಅಂದರು. ಊರೇ ಒಣಗುವಾಗ ಕೆಲವು ಗಿಡಗಳು ಮಾತ್ರ ಏಕೆ ಹಸಿರಾಗಿರುತ್ತವೆ ಎಂದು ಒಬ್ಬರೂ ಕೇಳಲಿಲ್ಲ. ಪೀರ ತನ್ನ ಪಾಲನ್ನು ತಾನೇ ಕಾಯ್ದುಕೊಳ್ಳುತ್ತಾನೆ ಎಂದಮೇಲೆ ಕೇಳುವುದೇನು ಉಳಿಯುತ್ತದೆ?

ಹಿಂದಿನ ವರ್ಷ ಒಂದು ತಪ್ಪು ನಡೆದಿತ್ತು. ಬದುವಿನ ಜಾಲಿಕಂಟಿಯ ಒಳಗೆ ಬೆಳೆದಿದ್ದ ಒಂದಿಷ್ಟು ಹಸಿರು ಗಿಡ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಸೌದೆಗೆಂದು ಕಂಟಿ ಕಡಿಯುವಾಗ ರಂಜಾನಬಿ ಅದನ್ನು ಕಂಡಳು. ಆಗ ಅದು ಚೆನ್ನಾಗಿ ಬಲಿತು ಒಣಗಿತ್ತು. ತೆನೆ ತಿಕ್ಕಿದರೆ ದಪ್ಪ ದಪ್ಪ ಕಾಳು. ಹಸಿರು ತೆನೆ ಉಳಿಸಿದ್ದೀ ಎಂದು ಅತ್ತೆ ರಂಪ ಮಾಡಿಯಾಳೆಂದು ಕಾಳನ್ನು ಒಂದು ಕುಡಿಕೆಯಲ್ಲಿ ಹಾಕಿ, ಬೂದಿ ಬೆರೆಸಿ, ಅಡಿಗೆಮನೆಯ ಗೂಡಿನಲ್ಲಿ ಇಟ್ಟು ಸುಮ್ಮನಾದಳು. ಬಿತ್ತಿಗೆಯ ದಿನ ಹೊಳೆಯ ಕಡೆಯ ಮೂಲೆಗೆ ಬರುವಷ್ಟರಲ್ಲಿ ಚೀಲದ ಬೀಜ ತೀರಿತು. ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದವಳು ಅವಳೇ. ಮನೆಗೆ ಓಡಿ ಆ ಕುಡಿಕೆ ತಂದು ಸುರಿದಳು.

ಈಗ ಆ ಮೂಲೆ ಪೂರ್ತಿ ಹಸಿರು. ಕೂರಿಗೆಯ ಸಾಲು ಎಲ್ಲಿ ಹಳೆಯ ಬೀಜ ಬಿಟ್ಟು ಕುಡಿಕೆಯ ಬೀಜ ಹಿಡಿದಿತ್ತೋ ಅಲ್ಲಿಗೇ ಕೆಂಪು ನಿಂತಿತ್ತು. ರಂಜಾನಬಿ ಗಂಡನನ್ನು ಕೈಹಿಡಿದು ಅಲ್ಲಿಗೆ ಕರೆತಂದಳು.

"ಇಲ್ಲಿ ನೋಡ್ರಿ. ಈ ಕಡೀದು ಮನೀ ಬೀಜ. ಈ ಕಡೀದು ಜಾಲಿಕಂಟಿ ಒಳಗ ಉಳದಿತ್ತಲ್ಲ, ಆ ಬೀಜ. ಅದ ಮಣ್ಣು, ಅದ ಮಂಜು. ಕೆಂಪು ಪುಡಿ ಇದರ ಮ್ಯಾಲೂ ಹಾರಿ ಬಿದ್ದೈತಿ, ಆದ್ರ ಇದಕ್ಕ ಹತ್ತಿಲ್ಲ."

ಚಮನಸಾಬ ಬಗ್ಗಿ ಎರಡೂ ಎಲೆ ಹರಿದು ನೋಡಿದ. ಹಸಿರು ಎಲೆಯ ಮೇಲೂ ಅಲ್ಲಲ್ಲಿ ಚುಕ್ಕೆ ಎದ್ದಿದ್ದವು. ಆದರೆ ಅಲ್ಲೇ ಕಪ್ಪಾಗಿ ಸತ್ತಿದ್ದವು. "ಹಂಗಂದ್ರ?" ಎಂದ.

"ತಾಯಿ ಗಟ್ಟಿ ಇದ್ಲು, ಮಕ್ಕಳೂ ಗಟ್ಟಿ ಹುಟ್ಟ್ಯಾವು. ನೂಲಿನಂಗ ಸೀರಿ ಅಂತಾರಲ್ಲ, ಹಂಗ. ನಾವು ಇಷ್ಟ ವರ್ಷ ಗಟ್ಟಿ ಇದ್ದದ್ದನ್ನ ಹುಡುಕಿ ಹುಡುಕಿ ಸುಟ್ಟು ತಿಂದೇವ್ರಿ. ರೋಗ ಹತ್ತಿದ್ದನ್ನ ಜ್ವಾಕಿ ಮಾಡಿ ಬಿತ್ತೇವಿ."

ಚಮನಸಾಬ ಬದುವಿನ ಮೇಲೆ ಕೂತುಬಿಟ್ಟ. ಅವನು ಮಾತು ಕಡಿಮೆಯ ಮನುಷ್ಯ. ಹೆಂಡತಿಯ ಮಾತು ಒಳಗಿಳಿಯಲು ಹೊತ್ತು ಹಿಡಿಯುತ್ತಿತ್ತು, ಇಳಿದರೆ ಮಾತ್ರ ಅಲ್ಲಾಡುತ್ತಿರಲಿಲ್ಲ. ತನ್ನ ಹೊಲ, ಆಚೆಯ ಬಸಯ್ಯನ ಹೊಲ, ಅದರಾಚೆಯ ಹೊಲಗಳನ್ನೆಲ್ಲ ನೋಡಿದ. ಮಂಜಿನೊಳಗೆ ಎಲ್ಲವೂ ತುಕ್ಕು ಹಿಡಿದ ತಗಡಿನಂತೆ ಕಾಣುತ್ತಿದ್ದವು.

"ಇದನ್ನ ಬಲಿಯಾಕ ಬಿಡೂಣು," ಎಂದ. "ಒಂದು ತೆನೀನೂ ಕೊಡೂದು ಬ್ಯಾಡ. ಮುಂದಿನ ವರ್ಷ ಹೊಲಾ ಅರ್ಧಾ ಇದರಲೇ ಬಿತ್ತೂಣು, ಅದರ ಮುಂದಿನ ವರ್ಷ ಊರಿಗೆಲ್ಲಾ ಕೊಡೂಣು."

ಅತ್ತೆಗೆ ಹೇಳುವ ಕೆಲಸ ರಂಜಾನಬಿಯ ಪಾಲಿಗೆ ಬಂತು. ಹೇಳುವ ಮೊದಲೇ ಕಾಸಿಂಬಿ ಆ ಮೂಲೆಯನ್ನು ನೋಡಿ ಬಂದಿದ್ದಳು. ಮುದುಕಿಯ ಮುಖ ಹಿಗ್ಗಿ ಹೋಗಿತ್ತು. "ನನ್ನ ಜನ್ಮದಾಗ ಇಷ್ಟು ಹಸರು ನೋಡಿದ್ದಿಲ್ಲ ರಂಜಾನಿ. ಪೀರ ನಮ್ಮ ಹೊಲಾನ ಆರಿಸ್ಯಾನ. ಈ ಸಲ ದರ್ಗಾಕ್ಕ ಗಾಡೀ ಮ್ಯಾಲ ಒಯ್ಯೂಣು." ಸೊಸೆ ನಿಧಾನವಾಗಿ ಎಲ್ಲ ಹೇಳಿದಳು. ಕಾಸಿಂಬಿಯ ಮುಖದ ಹಿಗ್ಗು ಇಳಿದು ಹೋಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ರಂಜಾನಬಿಗೆ ಬೈಗಳ ರೂಢಿಯಿತ್ತು.

"ನಿಮ್ಮ ಮಾವ ಹೆಂಗ ಸತ್ತ ಗೊತ್ತೈತೇನ ನಿನಗ?" ಎಂದಳು.

ಪ್ಲೇಗು ಬಂದ ವರ್ಷ ಊರು ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಆ ವರ್ಷ ಇವರ ಮನೆಯಿಂದ ದರ್ಗಾಕ್ಕೆ ಹಸಿರು ಹೋಗಲಿಲ್ಲ. ಜೀವ ಉಳಿದರೆ ಮುಂದಿನ ವರ್ಷ ಕೊಟ್ಟರಾಯಿತು ಎಂದು ಕಾಸಿಂಬಿಯ ಗಂಡ ಮೀರಾಸಾಬ ಹೇಳಿದ. ವಾರದೊಳಗೆ ಅವನ ಕಂಕುಳಲ್ಲಿ ಗಂಟು ಎದ್ದಿತು. ಪ್ಲೇಗಿಗೆ ಆ ಸುತ್ತಿನಲ್ಲಿ ಹಸಿರು ಕೊಟ್ಟವರೂ ಸತ್ತಿದ್ದರು, ಕೊಡದವರೂ ಸತ್ತಿದ್ದರು. ಆದರೆ ಗಂಡ ಸತ್ತವಳ ಮುಂದೆ ಆ ಲೆಕ್ಕ ಒಪ್ಪಿಸುವವರು ಯಾರು? ರಂಜಾನಬಿಯೂ ಒಪ್ಪಿಸಲಿಲ್ಲ. ಕೊಡುವುದಿಲ್ಲ ಎಂಬ ಮಾತನ್ನೂ ಹಿಂದೆ ತೆಗೆದುಕೊಳ್ಳಲಿಲ್ಲ.

ಸುದ್ದಿ ಊರಿಗೆ ಹಬ್ಬಿತು. ದರ್ಗಾವನ್ನು ನೋಡಿಕೊಳ್ಳುವ ಮುಜಾವರ ಲಾಡಸಾಬ ಮನೆಗೆ ಬಂದು, ಕೊಟ್ಟ ನೀರು ಕುಡಿದು, ಗಡ್ಡ ನೀವಿಕೊಳ್ಳುತ್ತ ಮೆಲ್ಲಗೆ ಹೇಳಿದ: "ಪೀರ ಯಾರನ್ನೂ ಕೇಳಂಗಿಲ್ಲವ್ವಾ, ಕೊಡೋರು ಕೊಡತಾರ. ಊರ ಕೇಳತೈತಿ. ಹೊಲದಾಂವ ಕೊಡದಿದ್ರ ಪೀರನ ಪಾಲು ಯಾರು ಬೇಕಾದ್ರೂ ಕೊಯ್ಯಬಹುದು ಅಂತ ಹಿರ್ಯಾರು ಹೇಳ್ಯಾರ." ಬೆದರಿಕೆಯನ್ನು ಇಷ್ಟು ಮೃದುವಾಗಿ ಹೇಳಲು ಅವನಿಗೇ ಬರಬೇಕು.

ಪಕ್ಕದ ಹೊಲದ ಬಸಯ್ಯ ಜಂಗಮರವನು, ನಾಲ್ಕು ಜನ ಮಾತು ಕೇಳುವ ಹಿರಿಯ. ಅವನು ಹಿತ್ತಲ ಬಾಗಿಲಿನಿಂದ ಬಂದ. "ತಂಗಿ, ನೀ ಅನ್ನೂದು ಖರೆ ಅನಸತೈತಿ. ಬಲಿತ ಮ್ಯಾಲ ನನಗೊಂದು ಬೊಗಸಿ ಬೀಜಾ ಇಡು. ನಾ ಕೇಳಿದ್ದು ಮಾತ್ರ ಯಾರ ಮುಂದೂ ಹೇಳಬ್ಯಾಡ."

"ನಾಕ ಮಂದ್ಯಾಗ ಒಂದ ಮಾತ ಹೇಳ್ರಿ ಅಯ್ಯಾರ, ಬೊಗಸಿ ಯಾಕ, ಚೀಲಾ ಕೊಡತೇನಿ," ಎಂದಳು ರಂಜಾನಬಿ.

ಬಸಯ್ಯ ನಕ್ಕಂತೆ ಮಾಡಿ, ಬಂದ ದಾರಿಯಲ್ಲೇ ಹೋದ.

ಚಮನಸಾಬ ಆ ಮೂಲೆಯಲ್ಲಿ ಜೋಳದ ಒಣದಂಟಿನ ಕಣಿಕೆಯ ಗುಡಿಸಲು ಹಾಕಿ ಕಾವಲು ಕೂತ. ಹಗಲು ಹೆಂಡತಿ, ಕತ್ತಲಾದ ಮೇಲೆ ಗಂಡ. ತೆನೆ ಹಾಲುಗಾಳು ಹಿಡಿದಿತ್ತು. ಬಿಸಿಲು ಬಿದ್ದಿದ್ದರೆ ಬೇಗ ಬಲಿಯುತ್ತಿತ್ತೇನೋ, ಆದರೆ ಸೂರ್ಯ ಮುಖ ತೋರಿಸಲಿಲ್ಲ. ಮಂಜು ಮಧ್ಯಾಹ್ನದವರೆಗೆ ಹೊಲ ಬಿಟ್ಟು ಏಳುತ್ತಿರಲಿಲ್ಲ. ಕಂಬಳಿ ಹಿಂಡಿದರೆ ನೀರು ಸುರಿಯುತ್ತಿತ್ತು. ಒಂದು ಬೆಳಗ್ಗೆ ರಂಜಾನಬಿ ರೊಟ್ಟಿ ತೆಗೆದುಕೊಂಡು ಹೋದಾಗ ಚಮನಸಾಬ ಗುಡಿಸಲ ಹೊರಗೆ, ಕೆಂಪು ಗೋದಿಯ ನಡುವೆ ನಿಂತು ಗಡಗಡ ನಡುಗುತ್ತಿದ್ದ. ಕೈ, ಕಾಲು, ಹುಬ್ಬು, ಮೀಸೆ ಎಲ್ಲ ಕೆಂಪು ಪುಡಿ. ಅವಳು ಹಣೆ ಮುಟ್ಟಿ ನೋಡಿದಳು. ಸುಡುತ್ತಿತ್ತು.

ಜ್ವರ ಇಳಿಯಲಿಲ್ಲ. ಕಷಾಯ ಕುಡಿಸಿದರು, ಬಾಗಲಕೋಟೆಯ ದವಾಖಾನೆಯ ಪುಡಿ ತರಿಸಿ ಕುಡಿಸಿದರು. ಕಣ್ಣು ಬಿಟ್ಟಾಗಲೆಲ್ಲ ಚಮನಸಾಬ, "ಹಸರು... ಹಸರು ನೋಡ್ರಿ," ಎಂದು ಬಡಬಡಿಸುತ್ತಿದ್ದ. ಕಾಯಲು ಹೇಳುತ್ತಾನೆಂದು ರಂಜಾನಬಿಗೆ ಅರ್ಥವಾಗುತ್ತಿತ್ತು. ಪೀರನ ಪಾಲು ಪೀರನಿಗೆ ಕೊಡಿರೆಂದು ಬೇಡುತ್ತಾನೆಂದು ಕಾಸಿಂಬಿಗೆ ಅರ್ಥವಾಗುತ್ತಿತ್ತು. ಬಾವಿಕಟ್ಟೆಗೆ ಹೋದರೆ ಹೆಂಗಸರು ಜಾಗ ಬಿಟ್ಟು ಸರಿದು ನಿಲ್ಲುತ್ತಿದ್ದರು. ಹೊಲದಲ್ಲಿ ಕಾವಲಿಲ್ಲದಿದ್ದರೂ ಈಗ ಯಾರೂ ಆ ಹಸಿರನ್ನು ಮುಟ್ಟಲು ಹೋಗಲಿಲ್ಲ. ಪೀರನ ಸಿಟ್ಟು ಯಾವ ಮನೆಯ ಮೇಲಿದೆಯೆಂದು ಎಲ್ಲರಿಗೂ ತಿಳಿದಿತ್ತು, ನಡುವೆ ಕೈ ಹಾಕುವ ಉಸಾಬರಿ ಯಾರಿಗೆ ಬೇಕು?

ಬಸಯ್ಯ ಈ ಸಲ ಮುಂಬಾಗಿಲಿನಿಂದಲೇ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದ: "ಕೊಟ್ಟ ಬಿಡು ತಂಗಿ. ಬೀಜ ಹೋದ್ರ ಬರತೈತಿ, ಗಂಡ ಹೋದ್ರ ಬರಂಗಿಲ್ಲ."

ಬೀಜವೂ ಬರುವುದಿಲ್ಲ ಎಂದು ಅವಳು ಹೇಳಬೇಕೆಂದಿದ್ದಳು. ಒಳಗೆ ಹೋಗಿ ಗಂಡನ ಹಣೆಯ ಒದ್ದೆ ಬಟ್ಟೆ ಬದಲಿಸಿದಳು.

ಮರುದಿನ ಚಮನಸಾಬ ಯಾರನ್ನೂ ಗುರುತಿಸಲಿಲ್ಲ. ಕಾಸಿಂಬಿ ಮಗನ ತಲೆದೆಸೆಯಿಂದ ಎದ್ದು ಬಂದು, ಒಲೆಯ ಮುಂದೆ ಕೂತಿದ್ದ ಸೊಸೆಯ ಕಾಲ ಮೇಲೆ ಬಿದ್ದಳು. ರಂಜಾನಬಿ ಕಿರುಚಿಕೊಂಡು ಕಾಲು ಹಿಂದಕ್ಕೆ ಎಳೆದುಕೊಂಡಳು. ಅತ್ತೆ ಬಿಡಲಿಲ್ಲ.

"ನಿನ್ನ ಮಾತು ಖರೆ ಇರಬಹುದು. ನಾ ಸುಳ್ಳ ಅನ್ನಂಗಿಲ್ಲ. ನೀ ಶಾಣ್ಯಾಕಿ, ನಾ ಹುಚ್ಚಿ. ಆದ್ರ ನನಗ ಇರಾಂವ ಒಬ್ಬ ಮಗ, ತಾಯಿ."

ಇಡೀ ಊರಿನ ಮಾತಿಗೆ ಬಗ್ಗದವಳು ಇದಕ್ಕೆ ಬಗ್ಗಿದಳು. ಅತ್ತೆಯನ್ನು ಎಬ್ಬಿಸಿ ಕೂರಿಸಿ, ಗೋಡೆಯ ಗೂಟದಿಂದ ಕುಡಗೋಲು ತೆಗೆದುಕೊಂಡು ಹೊರಟಳು.

ನಡುಮಧ್ಯಾಹ್ನವಾದರೂ ಹೊಲದ ಮೇಲೆ ಮಂಜು ಇತ್ತು. ಕೆಂಪು ಗೋದಿಯನ್ನು ಸೀಳಿಕೊಂಡು ಅವಳು ಮೂಲೆಗೆ ನಡೆದಳು. ಸೀರೆಯ ಅಂಚೆಲ್ಲ ಕೆಂಪಾಯಿತು. ಒಂದು ತೆನೆ ಬಿಡಿಸಿ ಕಾಳನ್ನು ಉಗುರಿನಿಂದ ಒತ್ತಿದಳು. ಬಿಳಿ ಹಾಲು ಬಂತು. ಇದನ್ನು ಈಗ ಕೊಯ್ದರೆ ಒಣಗಿ ಸುಕ್ಕುಗಟ್ಟುತ್ತದೆ, ಬಿತ್ತಿದರೆ ಹುಟ್ಟುವುದಿಲ್ಲ. ಜ್ವರಕ್ಕೂ ಈ ಗಿಡಕ್ಕೂ ಸಂಬಂಧವಿಲ್ಲ, ನೀರಿಳಿಯುವ ಕಂಬಳಿ ಹೊದ್ದು ಮಂಜಿನಲ್ಲಿ ಮಲಗಿದ್ದಕ್ಕೆ ಬಂದ ಜ್ವರ ಇದು ಎಂದು ಅವಳಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಕುಡಗೋಲು ಹಾಕಿದಳು. ತೆನೆ ತೆನೆ ಉಡಿಗೆ ಬಿದ್ದಂತೆ ತಾಯಿಯ ಮನೆಯವರನ್ನೆಲ್ಲ ಕರೆದು ಅತ್ತಳು. ಆ ಬಯಲಿನಲ್ಲಿ ಕೇಳುವವರು ಯಾರೂ ಇರಲಿಲ್ಲ.

ಕೊನೆಗೆ ಬದುವಿನ ಕಲ್ಲಿನ ಮರೆಯಲ್ಲಿ ಒಂದೇ ಒಂದು ಗಿಡ ಉಳಿಯಿತು. ಅದನ್ನು ಬಿಟ್ಟು ಬಂದಳು. ಒಂದು ಗಿಡ ಸಾಕು, ಒಂದು ಮುಷ್ಟಿ ಕಾಳಾದರೂ ಆಗುತ್ತದೆ, ನಾಲ್ಕಾರು ವರ್ಷ ಹಿಡಿದರೂ ಹಿಡಿಯಲಿ. ಹೊಲ ದಾಟಿ ಗಾಡಿಯ ದಾರಿಗೆ ಬಂದಳು. ಅಲ್ಲಿ ಕಾಲು ನಿಂತವು. ಅವನು ಸತ್ತರೆ? ಅವನು ಸತ್ತು, ಈ ಗಿಡ ಅಲ್ಲಿ ಹಸಿರಾಗಿ ನಿಂತಿದ್ದರೆ, ತಾನು ಯಾವ ಮುಖದಿಂದ ಅದನ್ನು ನೋಡುವುದು? ಒಂದನ್ನೂ ಬಿಡಬಾರದು ಎಂಬ ಅತ್ತೆಯ ಮಾತು ಎದೆಯಲ್ಲಿ ಗುದ್ದತೊಡಗಿತು. ಅವಳು ಅತ್ತಿತ್ತ ನೋಡಿ, ಮನೆ ಹೊತ್ತಿಕೊಂಡವಳಂತೆ ಹಿಂದಕ್ಕೆ ಓಡಿದಳು. ಗಿಡವನ್ನು ಬುಡದಿಂದ ಕೊಯ್ದಳು, ಉಳಿದ ಕೂಳೆಯನ್ನು ಕೈಯಿಂದ ಕಿತ್ತು ಒಗೆದಳು.

ಮನೆಯ ಬಾಗಿಲಲ್ಲಿ ಕಾಸಿಂಬಿ ನಿಂತಿದ್ದಳು. ಅಳುತ್ತಿದ್ದಳು, ನಗುತ್ತಿದ್ದಳು.

"ಬೆವರು ಬಿಟ್ಟಾವು ರಂಜಾನಿ! ಮೈ ತಣ್ಣಗಾಗೈತಿ. ನೀ ಕುಡಗೋಲ ತಗೊಂಡು ಹೊಸ್ತಿಲಾ ದಾಟಿದಿ ನೋಡು, ಆಗಿಂದ ಜ್ವರಾ ಇಳಿಯಾಕ ಹತ್ತೇತಿ. ಯಾ ಪೀರಾ! ನನ್ನಪ್ಪಾ!"

ರಂಜಾನಬಿ ಒಳಗೆ ಹೋಗಿ ಗಂಡನ ಹಣೆ ಮುಟ್ಟಿದಳು. ತಣ್ಣಗಿತ್ತು. ಹಾಗಾದರೆ ತಾನು ಮೊದಲ ತೆನೆಗೆ ಕೈ ಹಾಕುವ ಮೊದಲೇ ಜ್ವರ ಬಿಟ್ಟಿತ್ತು. ಹಾಲು ಸೋರುವ ತೆನೆಗಳು ಇನ್ನೂ ಅವಳ ಉಡಿಯಲ್ಲೇ ಇದ್ದವು, ಪೀರನ ಬೆಂಕಿ ಕಂಡಿರಲಿಲ್ಲ. ಅವನು ಉಳಿದನೆಂಬ ಸಂತೋಷಕ್ಕೆ ಅವಳು ಅವನ ಎದೆಯ ಮೇಲೆ ತಲೆಯಿಟ್ಟು ಬಿಕ್ಕಿದಳು. ಅದೇ ಬಿಕ್ಕಿನಲ್ಲಿ ಇನ್ನೊಂದು ದುಃಖವೂ ಇತ್ತು. ಅದನ್ನು ಹೇಳಿಕೊಳ್ಳಲು ಆ ಮನೆಯಲ್ಲಿ ಈಗ ಯಾರೂ ಇರಲಿಲ್ಲ. ಅತ್ತೆ ಬಂದು ಅವಳ ಉಡಿಯಿಂದ ತೆನೆಗಳನ್ನೆಲ್ಲ ಮೊರಕ್ಕೆ ಸುರಿದುಕೊಂಡು ಹೋದಳು.

ಸಂಜೆಯ ಹೊತ್ತಿಗೆ ದರ್ಗಾದ ಅಂಗಳ ತುಂಬಿತ್ತು. ಅಷ್ಟು ಜನ ಅಲ್ಲಿ ಎಂದೂ ಸೇರಿರಲಿಲ್ಲ. ಚಮನಸಾಬನ ಕತೆ ಅಷ್ಟರಲ್ಲಿ ಮಗುವಿನ ಬಾಯಲ್ಲೂ ಇತ್ತು. ಹಸಿರು ತಡೆದವನನ್ನು ಪೀರ ಹಿಡಿದ, ಹಸಿರು ಕೊಟ್ಟ ಕೂಡಲೇ ಬಿಟ್ಟ. ಕಂಟಿಯ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಎಲ್ಲಾದರೂ ಒಂದು ಹಸಿರು ತೆನೆ ಉಳಿದಿದೆಯೇ ಎಂದು ಜನ ತಮ್ಮ ತಮ್ಮ ಹೊಲವನ್ನು ಎರಡೆರಡು ಸಲ ಜಾಲಾಡಿ ಬಂದಿದ್ದರು. ಬಸಯ್ಯನೂ ಒಂದು ಹಿಡಿ ತಂದಿದ್ದ. ಕುಳ್ಳಿನ ಬೆಂಕಿಯಲ್ಲಿ ತೆನೆಗಳು ಚಿಟಪಟ ಸಿಡಿದವು, ಲಾಡಸಾಬ ಕಣ್ಣು ಮುಚ್ಚಿ ಓದಿದ.

ಮೊದಲ ಪಾಲು ಕಾಯಿಲೆಯವನಿಗೆ. ಕಾಸಿಂಬಿ ಬೆಲ್ಲ ಬೆರೆಸಿದ ಬಿಸಿ ಕಾಳನ್ನು ಬಟ್ಟಲಲ್ಲಿ ತಂದು ಸೊಸೆಯ ಕೈಗೆ ಕೊಟ್ಟು, ತಾನು ಮತ್ತೆ ದರ್ಗಾಕ್ಕೆ ಹೋದಳು. ರಂಜಾನಬಿ ಗಂಡನನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಕಣ್ಣು ಗುಳಿಬಿದ್ದಿದ್ದರೂ ಅವನ ನೋಟ ತಿಳಿಯಾಗಿತ್ತು. ಅವಳು ಅಂಗೈಗೆ ಹಾಕಿದ ಕಾಳನ್ನು ಒಮ್ಮೆಗೇ ಬಾಯಿಗೆ ಸುರಿದುಕೊಂಡು ಅಗಿದ. ಮತ್ತೆ ಕೈಯೊಡ್ಡಿದ. ಅವಳು ಮತ್ತೆ ಹಾಕಿದಳು.

"ಭಾಳ ರುಚಿ ಐತಿ," ಎಂದ. ಆಮೇಲೆ ತುಂಬಿದ ಬಾಯಲ್ಲೇ ಕೇಳಿದ: "ನಮ್ಮ ಹಸರು ಹೆಂಗೈತಿ? ಬಲೀತೇನ?"

ರಂಜಾನಬಿ ಅವನ ಅಂಗೈಯಲ್ಲಿ ಉಳಿದಿದ್ದ ಕಾಳುಗಳನ್ನೇ ನೋಡುತ್ತಿದ್ದಳು.

ಅವನೂ ನೋಡಿದ. ದವಡೆ ನಿಂತಿತು. ಅವಳ ಮುಖ ನೋಡಿದ, ಮತ್ತೆ ಕೈ ನೋಡಿಕೊಂಡ. ಪೀರನಿಗೆ ಓದಿಸಿದ್ದನ್ನು ಉಗುಳುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಷ್ಟು ದಿನ ಅನ್ನ ಕಾಣದ ಹೊಟ್ಟೆ ಕೇಳುತ್ತಿರಲಿಲ್ಲ. ಹೆಂಡತಿಯ ಕಣ್ಣು ತಪ್ಪಿಸಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ಅವನು ಮತ್ತೆ ಅಗಿಯತೊಡಗಿದ.